ಭೀಮಸೇನನ ಹತ್ತು ವಿಳಾಸಗಳು

ಹೆಸರಿಗೆ ನಾನು ಐದು ವರ್ಷ ಫುಟ್‌ಬಾಲ್ ಆಟಗಾರ್ತಿ. ನಗಬೇಡಿ, ಟೋಕಿಯೊದ ವಾರ್ಡ್ ಕಚೇರಿಯ ಕಡತದಲ್ಲಿದೆ: ಸತ್ಯವತಿ, ಗೃಹಿಣಿ, ನಿಶಿ ಕಸಾಯಿ ಬಡಾವಣೆ, ಅರಾಕಾವಾ ಹೆರಾನ್ಸ್ ಕ್ಲಬ್ಬಿನ ಸದಸ್ಯೆ. ನನ್ನನ್ನು ಸೇರಿಸಿದವನು ಕೆಳಗಿನ ಮನೆಯ ಭೀಮಸೇನ. ಮೈಸೂರಿನವನು, ಸಾಫ್ಟ್‌ವೇರ್ ಟೆಸ್ಟರ್. ಮದುವೆಯ ಮಾತೆತ್ತಿದರೆ ಹವಾಮಾನದ ಮಾತು ತೆಗೆಯುವ ಆಸಾಮಿ. ಹೆಸರಿಗೆ ತಕ್ಕ ಮೈಯಂತೂ ಅಲ್ಲ, ಗಾಳಿ ಜೋರಾದರೆ ಹಿಡಿದುಕೊಳ್ಳೋಣ ಅನ್ನಿಸುತ್ತದೆ.

2011ರ ಮಾರ್ಚ್‌ನಲ್ಲಿ ಭೂಮಿ ನಡುಗಿದಾಗ ನಾವೆಲ್ಲ ಗಂಟುಮೂಟೆ ಕಟ್ಟಿ ನರೀತಾ ವಿಮಾನ ನಿಲ್ದಾಣಕ್ಕೆ ಓಡಿದೆವು. ಸರ್ವರ್ ನೋಡಿಕೊಳ್ಳಲು ಒಬ್ಬರು ಇರಲೇಬೇಕು ಎಂದರು ಭೀಮನ ಆಫೀಸಿನವರು. ಇಲ್ಲ ಎನ್ನಲು ಬಾರದ ಪ್ರಾಣಿ, ಉಳಿದುಕೊಂಡ. ಆ ಭಾನುವಾರಗಳಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದೆ ಅರಾಕಾವಾ ನದಿಯ ದಂಡೆಯಲ್ಲಿ ಸುಮ್ಮನೆ ನಡೆಯುತ್ತಿದ್ದನಂತೆ. ಒಂದು ದಿನ ಮೊಟ್ಟೆಯಾಕಾರದ ಚೆಂಡೊಂದು ಉರುಳಿ ಬಂದು ಕಾಲಿಗೆ ತಾಗಿತು. ಎತ್ತಿಕೊಟ್ಟ. ಅಷ್ಟೇ, ಸಿಕ್ಕಿಹಾಕಿಕೊಂಡ.

ಅದು ಆಸ್ಟ್ರೇಲಿಯನ್ ಫುಟ್‌ಬಾಲ್. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಹಿಡಿಯುವ ಭರದಲ್ಲಿ ಇನ್ನೊಬ್ಬನ ಬೆನ್ನ ಮೇಲೆ ಹತ್ತಲೂಬಹುದು. ಇಂಗ್ಲಿಷ್ ಕಲಿಸಲು ಬಂದಿದ್ದ ಆಸ್ಟ್ರೇಲಿಯದ ಮೇಷ್ಟರುಗಳು ತೊಂಬತ್ನಾಲ್ಕರಲ್ಲಿ ಕಟ್ಟಿದ ಕ್ಲಬ್ಬಂತೆ. ಒಂದು ಕಾಲಕ್ಕೆ ನಲವತ್ತು ಜನರಿದ್ದರು. ಭೂಕಂಪದ ತಿಂಗಳು ಮುಗಿಯುವಷ್ಟರಲ್ಲಿ ಉಳಿದವರು ಆರು. ಏಳನೆಯವನು ನಮ್ಮ ಭೀಮ. ಅವನಿಗೆ ಒದೆಯಲೂ ಬರಲಿಲ್ಲ, ಹಿಡಿಯಲೂ ಬರಲಿಲ್ಲ. ಹಾಗಾಗಿ ಬಿಳಿ ಕೋಟು ತೊಡಿಸಿ, ಕೈಗೆ ಎರಡು ಬಾವುಟ ಕೊಟ್ಟು ಗೋಲಿನ ಕಂಬಗಳ ಹಿಂದೆ ನಿಲ್ಲಿಸಿದರು. ಗೋಲಾದರೆ ಎರಡು ಬಾವುಟ ಬೀಸಬೇಕು, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಮಂಗಳಾರತಿ ಎತ್ತುವಷ್ಟು ಭಕ್ತಿಯಿಂದ ಅದನ್ನು ಮಾಡುತ್ತಿದ್ದ.

ಆಡುವವರು ಮೆಲ್ಲಮೆಲ್ಲಗೆ ಮತ್ತೆ ಸೇರಿದರು. ತ್ಸುಕುಬಾದ ವಿದ್ಯಾರ್ಥಿಗಳು ರೈಲು ಹತ್ತಿ ಬಂದರು, ಕ್ಯಾಪ್ಟನ್ ಒಕಾದಾ ಸಾನ್ ಯೊಕೊಹಾಮಾದಿಂದ ಬರುತ್ತಿದ್ದರು. ತೊಂದರೆ ಇದ್ದದ್ದು ಮೈದಾನದ್ದು. ನದಿದಂಡೆಯ ಮೈದಾನ ವಾರ್ಡಿಗೆ ಸೇರಿದ್ದು, ಚೀಟಿ ಎತ್ತಿ ಹಂಚುತ್ತಾರೆ. ಚೀಟಿಯಲ್ಲಿ ಹೆಸರು ಬರಬೇಕಾದರೆ ಕ್ಲಬ್ಬಿನ ಹತ್ತು ಮಂದಿ ಸದಸ್ಯರು ಅದೇ ವಾರ್ಡಿನ ನಿವಾಸಿಗಳಾಗಿರಬೇಕು. ಆಡುವವರೆಲ್ಲ ಹೊರಗಿನವರು, ವಾರ್ಡಿನವನೆಂದರೆ ಭೀಮ ಒಬ್ಬನೇ. ಪ್ರತಿ ಏಪ್ರಿಲ್‌ಗೆ ವಿಳಾಸ ಸಮೇತ ಪಟ್ಟಿ ಕೊಡಬೇಕು. ಮರುವರ್ಷ, ನಾವೆಲ್ಲ ಊರಿಂದ ವಾಪಸಾದ ಮೇಲೆ, ಭೀಮ ನಮ್ಮ ಬಾಗಿಲು ಬಡಿದ.

“ಅಕ್ಕಾ, ನೀವು, ಹರಿ ಸರ್, ಇಬ್ರೂ ಮೆಂಬರ್ ಆಗ್ಬೇಕು. ಆದ್ರೆ ಸುಳ್ಳು ಹೆಸರು ಬೇಡ. ವರ್ಷಕ್ಕೆ ಒಂದ್ಸಲ ಬಂದು ಒಂದು ಕಿಕ್ ಹೊಡೀಬೇಕು.”

ಹೋದೆವು. ಚೂಡಿದಾರದಲ್ಲೇ ಒಂದು ಒದೆ ಕೊಟ್ಟೆ. ಚೆಂಡು ಮುಂದೆ ಹೋಗುವ ಬದಲು ಪಕ್ಕದಲ್ಲಿದ್ದ ಒಕಾದಾ ಸಾನ್ ಅವರ ಮೊಣಕಾಲಿಗೆ ಬಡಿಯಿತು. ‘ಸುಮಿಮಾಸೆನ್’ ಎಂದು ಅವರೇ ಕ್ಷಮೆ ಕೇಳಿದರು! ಹೀಗೆ ಐದು ಕನ್ನಡದ ಮನೆಗಳಿಂದ ಒಂಬತ್ತು ಹೆಸರು, ಭೀಮನದು ಹತ್ತನೆಯದು. ವರ್ಷಕ್ಕೊಂದು ಭಾನುವಾರ ಪುಳಿಯೋಗರೆ ಕಟ್ಟಿಕೊಂಡು ಹೋಗಿ, ತಲಾ ಒಂದು ಒದೆ ಕೊಟ್ಟು ಬರುತ್ತಿದ್ದೆವು. ಯಾರಾದರೂ ಬೆಂಗಳೂರಿಗೆ ವಾಪಸಾದರೆ ಭೀಮ ಇಡೀ ಬಡಾವಣೆ ಸುತ್ತಿ ಇನ್ನೊಬ್ಬರನ್ನು ಹುಡುಕಿ ತರುತ್ತಿದ್ದ.

2017ರ ಫೆಬ್ರುವರಿಯಲ್ಲಿ ನನ್ನ ಗಂಡ ಹರಿಪ್ರಸಾದ ಉರಯಾಸುವಿನಲ್ಲಿ ಮನೆ ಗೊತ್ತುಮಾಡಿದರು. ಇಲ್ಲಿಂದ ಎರಡೇ ಸ್ಟೇಷನ್. ಆದರೆ ಮಧ್ಯೆ ಒಂದು ಹೊಳೆ ಇದೆ, ಹೊಳೆಯ ಆಚೆ ಟೋಕಿಯೊ ಅಲ್ಲ. ಹತ್ತರಲ್ಲಿ ಎರಡು ಹೋದರೆ ಎಂಟು.

“ಒಂದು ವರ್ಷ ತಡೀರಿ” ಎಂದು ಜಗಳಕ್ಕೇ ನಿಂತೆ.

“ವರ್ಷಕ್ಕೆ ಒಂದು ಕಿಕ್ ಹೊಡ್ಯೋಕೆ ಈ ಗೂಡಲ್ಲೇ ಇರೋಣ ಅಂತೀಯಾ ಸತ್ಯಾ? ಅಮೂಲ್ಯಂಗೆ ಓದ್ಕೊಳ್ಳೋಕೆ ಒಂದು ಮೂಲೆ ಇಲ್ಲ.”

ಮಗಳು ಊಟದ ಮೇಜಿನ ಕೆಳಗೆ ಕುಳಿತು ಲೆಕ್ಕ ಮಾಡುತ್ತಿದ್ದಳು.

ಭೀಮನಿಗೆ ಹೇಳಿದೆ. “ಒಳ್ಳೇದಾಯ್ತು ಅಕ್ಕಾ, ಅಲ್ಲಿ ಗಾಳಿ ಚೆನ್ನಾಗಿದೆ” ಎಂದ. ಮರುದಿನದಿಂದ ಹುಡುಕಲು ಶುರು ಮಾಡಿದ. ಇಂಡಿಯನ್ ಅಂಗಡಿಯಲ್ಲಿ ಚೀಟಿ ಅಂಟಿಸಿದ. ಹೊಸದಾಗಿ ಬಂದಿದ್ದ ಸಂದೀಪನ ಮನೆಗೆ ಮೂರು ಸಲ ಹೋದ. “ಸಾರಿ ಬ್ರೋ, ಆರು ತಿಂಗಳ ಡೆಪ್ಯುಟೇಷನ್, ಗೊತ್ತಿಲ್ಲದ ಕಡೆ ಸೈನ್ ಹಾಕಲ್ಲ” ಎಂದನಂತೆ ಅವನು. ತಪ್ಪೇನೂ ಅಲ್ಲ. ಮಾರ್ಚ್ ಮೂರನೇ ವಾರಕ್ಕೂ ಎಂಟು ಎಂಟಾಗಿಯೇ ಉಳಿಯಿತು.

ಕೊನೆಗೆ ನಾನೇ ಅಡ್ಡದಾರಿ ಹಿಡಿದೆ. “ಭೀಮಾ, ನಾವು ಅಡ್ರೆಸ್ ಬದಲಾಯಿಸೋದು ಬೇಡ ಬಿಡೋ. ಇಲ್ಲೇ ಇದೀವಿ ಅಂತ ಇರ್ಲಿ.”

“ಅಮೂಲ್ಯನ ಸ್ಕೂಲಿಗೆ ಹೊಸ ಅಡ್ರೆಸ್ ಬೇಕಲ್ವಾ ಅಕ್ಕಾ?” ಎಂದ. ನಾನು ಮರೆತದ್ದು ಅವನಿಗೆ ನೆನಪಿತ್ತು. ನನ್ನ ಮೇಲೆ ರೇಗಿದ್ದರೂ ಸಮಾಧಾನವಾಗುತ್ತಿತ್ತು. ರೇಗಲಿಲ್ಲ ಪುಣ್ಯಾತ್ಮ.

ಮಾರ್ಚ್‌ನಲ್ಲಿ ಈ ದೇಶದಲ್ಲಿ ಅರ್ಧ ಜನ ಮನೆ ಬದಲಾಯಿಸುತ್ತಾರೆ, ಸಾಮಾನು ಸಾಗಿಸುವವರು ಕೈಗೆ ಸಿಗುವುದಿಲ್ಲ. ನಮಗೂ ಸಿಗಲಿಲ್ಲ, ಬರಿಯ ಲಾರಿ ಸಿಕ್ಕಿತು. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಭೀಮ ಇಡೀ ತಂಡವನ್ನೇ ಕರೆದುಕೊಂಡು ಬಂದ. ಆಟ ಮುಗಿಸಿ ನೇರವಾಗಿ ಬಂದಿದ್ದರು, ಮೊಣಕಾಲೆಲ್ಲ ಕೆಸರು. ಪಟ್ಟಿ ತುಂಬದೆ ಮೈದಾನ ಹೋಯಿತು, ಅದೇ ಅವರ ಕೊನೆಯ ಆಟ ಎಂದು ಒಕಾದಾ ಸಾನ್ ಹೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು. ಫ್ರಿಜ್ಜು, ಮಂಚ, ವಾಷಿಂಗ್ ಮೆಷೀನು, ನಾಲ್ಕು ಮಹಡಿ ಇಳಿಸಿ ಒಂದೂವರೆ ಗಂಟೆಯಲ್ಲಿ ಲಾರಿ ತುಂಬಿದರು. ರುಬ್ಬುವ ಗ್ರೈಂಡರನ್ನು ಭೀಮ ಯಾರಿಗೂ ಕೊಡದೆ ತಾನೇ ತಬ್ಬಿಕೊಂಡು ಇಳಿಸಿದ.

ನಾವು ಹೊರಟಾಗ ಅವರೆಲ್ಲ ರಸ್ತೆ ಬದಿಯಲ್ಲಿ ಸಾಲಾಗಿ ನಿಂತರು. ಇಲ್ಲಿ ಆಟ ಮುಗಿದ ಮೇಲೆ ಎದುರು ತಂಡದವರಿಗೆ ಹಾಗೆ ನಿಂತು ಬಗ್ಗಿ ವಂದಿಸುತ್ತಾರೆ. ಒಕಾದಾ ಸಾನ್ ಒಂದು ಕೂಗು ಹಾಕಿದರು. ಎಲ್ಲರೂ ಸೊಂಟದವರೆಗೆ ಬಗ್ಗಿ, ‘ಅರಿಗಾತೋ ಗೊಜಾಯಿಮಾಶಿತಾ’ ಎಂದು ಧನ್ಯವಾದ ಹೇಳಿದರು. ನಮಗೆ! ಐದು ವರ್ಷಕ್ಕೆ ಐದು ಒದೆ ಕೊಟ್ಟವಳಿಗೆ!

“ಮಮ್ಮಿ, ಬೌ ಮಾಡು” ಎಂದು ಅಮೂಲ್ಯ ಭುಜ ತಟ್ಟಿದಳು. ನಾನು ಬಗ್ಗಲಿಲ್ಲ, ಎಣಿಸುತ್ತಿದ್ದೆ. ಎರಡು ಸಲ ಎಣಿಸಿದೆ. ನಮ್ಮ ಎರಡು ವಿಳಾಸ ಇಲ್ಲದೆ ಆಟ ಕಳೆದುಕೊಂಡವರು, ಭೀಮನನ್ನೂ ಸೇರಿಸಿ ಹತ್ತೊಂಬತ್ತು ಜನ, ಬಗ್ಗಿ ನಿಂತಿದ್ದರು.