ನ್ಯಾಚಾವುಲಾ ಕುಟ್ಟುತ್ತ ಹಾಡಿದ್ದು

ನಮ್ಮ ಪಕ್ಕದ ಮನೆಯ ನ್ಯಾಚಾವುಲಾಳ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಸಾಕುಸಾಕಾಗುತ್ತದೆ. ಮಾವನೆದುರು ಸೊಸೆ ಮಾತಾಡಬಾರದೆಂದು ಮದುವೆಯಾದ ಹೊಸದರಲ್ಲಿ ಬಾಯಿ ಮುಚ್ಚಿದವಳು, ಮಾವ ಮಣ್ಣು ಸೇರಿದ ಮೇಲೂ ತೆರೆಯಲಿಲ್ಲ. ಗಂಡ ತೀರಿಕೊಂಡ, ಮಕ್ಕಳು ದೊಡ್ಡವರಾದರು, ಇವಳದು ಅದೇ ತಗ್ಗಿಸಿದ ತಲೆ. ಆದರೆ ಮೆಕ್ಕೆಜೋಳ ಕುಟ್ಟಲು ಒನಕೆ ಎತ್ತಿದಳೋ, ಅಬ್ಬಬ್ಬಾ, ಆ ಗಂಟಲು ಅದೆಲ್ಲಿಂದ ಬರುತ್ತಿತ್ತೋ! ಅತ್ತೆಯ ಜಿಪುಣತನ, ಗಂಡನ ಕುಡಿತ, ನನ್ನ ಸೋಮಾರಿತನ, ಎಲ್ಲದರ ಮೇಲೂ ಹಾಡು ಕಟ್ಟಿದ್ದಳು. ಒಂದೇ ಒರಳಿಗೆ ನಾವಿಬ್ಬರೂ ಒನಕೆ ಹಾಕುವವರು. ನನ್ನ ಮೇಲಿನ ಹಾಡಿಗೆ ನಾನೇ ದನಿಗೂಡಿಸಿದ್ದೇನೆ. ಸಿಟ್ಟು ಬರುತ್ತಿರಲಿಲ್ಲವೇ ಎಂದರೆ, ಬರುತ್ತಿತ್ತು. ಏನು ಮಾಡುವುದು? ಒರಳಿನ ಮುಂದೆ ಹಾಡಿದ್ದಕ್ಕೆ ನಮ್ಮಲ್ಲಿ ಯಾರೂ ಜಗಳ ತೆಗೆಯುವ ಹಾಗಿಲ್ಲ. ಅದನ್ನೇ ಮುಖಕ್ಕೆ ಹೊಡೆದ ಹಾಗೆ ಆಡಿದರೆ ಮಾತ್ರ ದಂಡವಾಗಿ ಕೋಳಿ ಕೊಡಬೇಕು.

ಆ ವರ್ಷ ಮಳೆ ನಿಂತ ಮೇಲೆ ಊರ ಮುಖ್ಯಸ್ಥ ಲುಹಾಂಗಾ ಕೈಪಂಪಿನ ಹಿಡಿಯನ್ನು ಕಳಚಿ ತನ್ನ ಮನೆಯಲ್ಲಿ ಇಟ್ಟುಕೊಳ್ಳತೊಡಗಿದ. ಮಕ್ಕಳು ಆಡಿ ಮುರಿಯುತ್ತಾರೆ ಎನ್ನುವುದು ನೆಪ. ಅವನ ಹೆಂಡತಿಯರು ಹೆಂಡ ಕಾಯಿಸಲು ಬೇಕಾದಷ್ಟು ನೀರು ತುಂಬಿಕೊಂಡ ಮೇಲೇ ಹಿಡಿ ನಮ್ಮ ಕೈಗೆ ಸಿಗುತ್ತಿತ್ತು. ಬಿಸಿಲು ಏರುವ ತನಕ ನಾವು ಖಾಲಿ ಬಕೆಟ್ಟು ಹಿಡಿದು ನಿಂತಿರಬೇಕು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ನ್ಯಾಚಾವುಲಾ ತುಟಿ ಪಿಟಕ್ಕೆನ್ನಲಿಲ್ಲ. ಮನೆಗೆ ಬಂದು ಒನಕೆ ಎತ್ತಿದಳು.

"ನೀರು ಕಾಯೋಕೆ ಮೊಸಳೆ ಇಟ್ರು,
ಮೊಸಳೆ ಹೊಟ್ಟೆ ದೊಡ್ಡದಾಯ್ತು."

ದೊಡ್ಡದಾಯ್ತು, ದೊಡ್ಡದಾಯ್ತು ಎಂದು ನಾನು ದನಿಗೂಡಿಸಿದೆ. ಲುಹಾಂಗಾನ ಹೊಟ್ಟೆಯ ಗಾತ್ರ ಊರಿಗೇ ಗೊತ್ತು. ಸ್ವಲ್ಪ ದಿನದಲ್ಲೇ ಊರಿನ ಅಷ್ಟೂ ಒರಳುಗಳ ಮುಂದೆ ಅದೇ ಹಾಡು.

ಲುಹಾಂಗಾ ಕೇಳಿಯೂ ಕೇಳದವನ ಹಾಗೆ ಇದ್ದ. ಉರಿ ಹತ್ತಿಕೊಂಡದ್ದು ಅವನ ಗುಮಾಸ್ತ ಮ್ಸಿಸ್ಕಾಗೆ. ಬಹಳ ವರ್ಷ ರಾಜಧಾನಿ ಲಿಲಾಂಗ್ವೆಯಲ್ಲಿದ್ದು ಬಂದ ಈ ಮಹಾನುಭಾವನಿಗೆ ನಾವು ಮಾಡಿದ್ದೆಲ್ಲ ಹಳ್ಳಿಗೊಡ್ಡುತನ. ನ್ಯಾಚಾವುಲಾ ಯಜಮಾನರನ್ನು ಅವಮಾನಿಸಿದ್ದಾಳೆ, ಇನ್ನು ಮೇಲೆ ಊರಿನಲ್ಲಿ ಯಾವ ಹೆಂಗಸೂ ಕುಟ್ಟುವಾಗ ಹಾಡಕೂಡದು ಎಂದು ಪಂಚಾಯಿತಿಗೆ ದೂರು ಕೊಟ್ಟ.

ಪಂಚಾಯಿತಿಯ ದಿನ ಬೆಳಿಗ್ಗೆ ಇವಳು ಹಾಡಿಲ್ಲದೆ ಕುಟ್ಟಿ ನೋಡೋಣ ಅಂದಳು. ಕುಟ್ಟಿದೆವು. ಲಯ ತಪ್ಪಿ ಇಬ್ಬರ ಒನಕೆಗಳೂ ಒರಳಿನೊಳಗೆ ಒಂದಕ್ಕೊಂದು ಬಡಿದವು, ಜೋಳ ಅಂಗಳಕ್ಕೆಲ್ಲ ಚೆಲ್ಲಿತು. ಅವಳು ಅಲ್ಲೇ ಕುಸಿದು ಕೂತು ಒಂದೊಂದೇ ಕಾಳು ಆರಿಸತೊಡಗಿದಳು.

"ಇದನ್ನೂ ಕಿತ್ಕೊಂಡ್ರೆ ನಾನು ಎಲ್ಲಿ ಮಾತಾಡ್ಲಿ, ಅಕ್ಕ?"

ಜಗಳಗಂಟಿ ಎಂದು ಹೆಸರಾದ ನಾನೂ ಅವಳ ಪಕ್ಕದಲ್ಲೇ ಕೂತು ಕಾಳು ಆರಿಸತೊಡಗಿದೆ.

ಅತ್ತಿಮರದ ಕೆಳಗೆ ಊರೇ ನೆರೆದಿತ್ತು. ನ್ಯಾಚಾವುಲಾ ಮಂಡಿಯೂರಿ ಕೂತಳು, ಪಕ್ಕದಲ್ಲಿ ನಾನು. ಅವಮಾನ ಅಂದರೆ ಏನೆಂದಳು ಎಂದು ಲುಹಾಂಗಾ ಕೇಳಿದ. ಮ್ಸಿಸ್ಕಾ ಕೋಟಿನ ಗುಂಡಿ ಹಾಕಿಕೊಂಡು ಎದ್ದ. ಯಜಮಾನನ ಮುಖವನ್ನೇ ನೋಡುತ್ತ, ಒಳ್ಳೆ ಪಾಠ ಒಪ್ಪಿಸುವವನ ಹಾಗೆ, ಗಟ್ಟಿಯಾಗಿ ಹೇಳಿಬಿಟ್ಟ.

"ನೀವು ನೀರು ಕಾಯೋ ಮೊಸಳೆ. ನಿಮ್ಮ ಹೊಟ್ಟೆ ದೊಡ್ಡದು."

ಹಿರಿಯರೆಲ್ಲ ನೆಲ ನೋಡತೊಡಗಿದರು. ಮುದುಕ ಕುಮ್ವೆಂಡಾ ನಿಧಾನವಾಗಿ ಮೂಗಿಗೆ ನಶ್ಯ ಏರಿಸಿ ಬಾಯಿಬಿಟ್ಟ.

"ಅವಳು ಒರಳಿನ ಮುಂದೆ ಹಾಡಿದ್ಲಪ್ಪ, ಯಾರ ಹೆಸರೂ ಎತ್ತಲಿಲ್ಲ. ಯಜಮಾನ್ರ ಮುಖ ನೋಡ್ಕೊಂಡು, ಹತ್ತು ಜನರೆದುರು ಬೈದೋನು ನೀನು. ಕೋಳಿ ಯಾವಾಗ ತರ್ತೀಯ?"

ಹೆಂಗಸರು ಬಟ್ಟೆಯ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಹಾಗಲ್ಲ, ಹೀಗೆ ಎಂದು ಮ್ಸಿಸ್ಕಾ ತಡವರಿಸಿದಷ್ಟೂ ಕೆಸರಿಗೆ ಇಳಿದ. ಕೊನೆಗೆ ಲುಹಾಂಗಾನಿಗೂ ನಗು ತಡೆಯಲಾಗಲಿಲ್ಲ, ಆ ಹೊಟ್ಟೆ ಅಲ್ಲಾಡಿತು. ತನ್ನಜ್ಜಿ ತನ್ನಜ್ಜನ ಮೇಲೆ ಕಟ್ಟಿದ ಹಾಡು ಇದಕ್ಕಿಂತ ಖಾರವಾಗಿತ್ತು, ಅಜ್ಜ ನಿಲ್ಲಿಸದಿದ್ದುದನ್ನು ತಾನೂ ನಿಲ್ಲಿಸುವುದಿಲ್ಲ, ಕುಟ್ಟುವ ಹಾಡಿಗೆ ಪಂಚಾಯಿತಿಯಲ್ಲಿ ವಿಚಾರಣೆಯೇ ಇಲ್ಲ ಎಂದ. ಆಮೇಲೆ ನ್ಯಾಚಾವುಲಾಳ ಕಡೆ ಬಾಗಿ, ಸ್ವಲ್ಪ ನೊಂದವನಂತೆ ಕೇಳಿದ.

"ಅಲ್ಲವ್ವ, ನೀರಿಗೆ ಕಷ್ಟ ಆಗ್ತಿದ್ರೆ ಬಂದು ಹೇಳಬಾರ್ದಿತ್ತಾ?"

ನ್ಯಾಚಾವುಲಾ ತಲೆಯೆತ್ತಿದಳು. ಒನಕೆಯಿಲ್ಲದೆ, ಇಷ್ಟು ಜನರೆದುರು ಅವಳ ದನಿ ಕೇಳಿದ್ದು ಅದೇ ಮೊದಲು.

"ಹೇಳ್ದೆನಲ್ಲ ಯಜಮಾನ್ರೇ. ದಿನಾ ಬೆಳಿಗ್ಗೆ ಹೇಳ್ತಾನೇ ಇದ್ದೀನಿ."

ಲುಹಾಂಗಾ ಹಿಡಿಯನ್ನು ಪಂಪಿಗೇ ಹಾಕಿ ಬರಲು ಹೆಂಡತಿಯೊಬ್ಬಳಿಗೆ ಹೇಳಿದ. ಮನೆಗೆ ಬರುವಾಗ ನಾನು ದಾರಿಯುದ್ದಕ್ಕೂ ಮ್ಸಿಸ್ಕಾನನ್ನು ಆಡಿಕೊಂಡೆ. ನ್ಯಾಚಾವುಲಾ ಮತ್ತೆ ತಲೆ ತಗ್ಗಿಸಿ, ನನ್ನ ಕೈ ಹಿಡಿದುಕೊಂಡು ಬಂದಳು. ಅಂಗಳ ಸೇರಿದವಳೇ ನನ್ನ ಕೈಗೂ ಒಂದು ಒನಕೆ ಕೊಟ್ಟಳು.