ಬೋಂಡನ ಮಂಡಿಯೂ ಮಿರರ್ ಫಿನಿಶ್ ನೆಲವೂ

"ಎಷ್ಟು ಟೈಲ್ಸ್ ಒಡೆದಾಕಿದ್ದೀರಮ್ಮ? ಮುಚ್ಚಿಡ್ಬೇಡಿ, ಸತ್ಯ ಯೋಳ್ಬುಡಿ."

ಕಳೆದ ಶನಿವಾರ ಬಾಗಿಲು ತೆಗೆದ ಕೂಡಲೇ ನಮ್ಮ ಓನರ್ ಆಂಟಿ ಕೇಳಿದ ಪ್ರಶ್ನೆ ಇದು. ಚೆನ್ನಾಗಿದ್ದೀರಾ ಇಲ್ಲ, ತಿಂಡಿ ಆಯ್ತಾ ಇಲ್ಲ. ಕಣ್ಣು ನೇರ ನೆಲದ ಮೇಲೆ. ನೆಲ ಎಲ್ಲಿ ಕಾಣಬೇಕು? ಹಾಲ್‌ನ ಈ ತುದಿಯಿಂದ ಆ ತುದಿಯವರೆಗೆ ಹಳೆಯ ಯೋಗ ಮ್ಯಾಟು, ಬಾತ್‌ರೂಮಿನ ರಬ್ಬರ್ ಮ್ಯಾಟು, ತವರಿನ ಜಮಖಾನ, ಮಗಳು ಅಂಬೆಗಾಲಿಡುತ್ತಿದ್ದಾಗ ಕೊಂಡ ಎಬಿಸಿಡಿ ಮ್ಯಾಟು. ನೋಡಿದವರಿಗೆ ಏನನ್ನೋ ಮುಚ್ಚಿಟ್ಟ ಹಾಗೇ ಕಾಣುತ್ತದೆ, ಒಪ್ಪಿದೆ.

"ಏನೂ ಒಡೆದಿಲ್ಲ ಆಂಟಿ. ಮೊಲಕ್ಕೆ ಮಂಡಿನೋವು" ಎಂದೆ.

ಆಂಟಿ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಕಾಡುಗೋಡಿಯಲ್ಲಿ ಇಷ್ಟು ವರ್ಷ ಮನೆ ಬಾಡಿಗೆಗೆ ಕೊಟ್ಟಿದ್ದಾರೆ, ಬೇಕಾದಷ್ಟು ಸುಳ್ಳು ಕೇಳಿದ್ದಾರೆ. ಇಂಥದ್ದನ್ನು ಮಾತ್ರ ಕೇಳಿರಲಿಲ್ಲ.

ಆದರೆ ಅದು ನಿಜ. ಬೋಂಡ ನಮ್ಮ ಮನೆಯ ಮೊಲ. ಮಗಳ ಹಠಕ್ಕೆ ತಂದದ್ದು. ಹಠ ಒಂದೇ ಬೇಸಿಗೆಗೆ ಇಳಿಯಿತು, ಬೋಂಡ ಉಳಿದ. ಮಗಳು ಈಗ ಹಾಸ್ಟೆಲಿನಲ್ಲಿ, ಅವನು ನಮ್ಮ ಪಾಲಿಗೆ. ಒಂಬತ್ತು ವರ್ಷ ಅಂದರೆ ಮೊಲಗಳಲ್ಲಿ ಸೀನಿಯರ್ ಸಿಟಿಜನ್. ಸೋಫಾ ಹತ್ತಿ ಚಾರ್ಜರ್ ವೈರ್ ಕಡಿಯುತ್ತಿದ್ದವನು ಈಗ ಏಳುವ ಮೊದಲು ಯೋಚನೆ ಮಾಡುತ್ತಾನೆ. ತನ್ನ ಕಕ್ಕಸಿನ ಟ್ರೇಯ ಅಂಚು ದಾಟಲಾಗದೆ ಹೊರಗೇ ಕೆಲಸ ಮುಗಿಸಿ, ನನಗೆ ಬೆನ್ನು ಹಾಕಿ ಕೂರುತ್ತಾನೆ (ನಾಚಿಕೆಯೋ ಸಿಟ್ಟೋ, ಮೊಲದ ಮುಖದಲ್ಲಿ ಗೊತ್ತಾಗುವುದಿಲ್ಲ).

ಡಾಕ್ಟರು ಎಕ್ಸ್‌ರೇ ನೋಡಿ, ಕೀಲು ಸವೆದಿದೆ ಎಂದರು. ನೋವಿಗೆ ಸಿರಪ್ ಬರೆದರು. ಮನುಷ್ಯರ ಮಾತ್ರೆ ಮುರಿದು ಕೊಡಬೇಡಿ ಎಂದು ನಮ್ಮ ಯಜಮಾನರನ್ನೇ ನೋಡಿ ಹೇಳಿದರು (ಅವರಿಗೆ ಹೇಗೆ ಗೊತ್ತಾಯಿತೋ!). ಎಲ್ಲಕ್ಕಿಂತ ಮುಖ್ಯ, ನೆಲ ಜಾರಬಾರದು. ಮೊಲದ ಪಾದದಡಿ ನಾಯಿಗಿರುವಂಥ ಮೆತ್ತೆ ಇಲ್ಲವಂತೆ, ಬರೀ ಕೂದಲು. ನುಣುಪು ನೆಲಕ್ಕೆ ಬಿಟ್ಟರೆ ನಾಲ್ಕು ಕಾಲು ನಾಲ್ಕು ದಿಕ್ಕಿಗೆ.

ನಮ್ಮ ನೆಲವೋ, ಮಿರರ್ ಫಿನಿಶ್! ಆಂಟಿಯ ಮಗ ಈ ಮೂರಂತಸ್ತು ಎಬ್ಬಿಸಿದಾಗ ಆಸೆಪಟ್ಟು ಹಾಕಿಸಿದ್ದು. ಮನೆ ತೋರಿಸುವಾಗ ಆಂಟಿ ನೀರಿನ ಮಾತೆತ್ತಲಿಲ್ಲ, ಗಾಳಿ ಬೆಳಕಿನ ಮಾತೆತ್ತಲಿಲ್ಲ. "ಬಗ್ಗಿ ನೋಡಿ, ಮುಖ ಕಾಣ್ತದೆ" ಎಂದರು. ಬಗ್ಗಿದೆವು, ಕಂಡಿತು, ಅಡ್ವಾನ್ಸ್ ಕೊಟ್ಟೆವು. ಬುದ್ಧಿವಂತರು ಮನೆ ನೋಡುವ ರೀತಿಯೇ ಇದು?

ಹಾಗಾಗಿ ಮ್ಯಾಟು ಬಂದವು. ಯಜಮಾನರು ಟ್ರೇಯ ಒಂದು ಬದಿಯನ್ನು ಕತ್ತರಿಸಿ ತಗ್ಗು ಮಾಡಿದರು (ಟ್ರೇ ಗೆದ್ದಿತು, ನನ್ನ ತರಕಾರಿ ಚಾಕು ಸೋತಿತು). ಕತ್ತೆತ್ತಿ ಕುಡಿಯುವ ಬಾಟಲಿಯ ಬದಲು ಬಟ್ಟಲು ಇಟ್ಟೆವು. ಒಂದು ಬೆಳಿಗ್ಗೆ ನೋಡಿದರೆ ಬೋಂಡ ತಾನಾಗಿಯೇ ನಡೆದು ಹೋಗಿ ಹಿಂಬಾಗಿಲ ಬಿಸಿಲಿನಲ್ಲಿ ಕಾಲು ಚಾಚಿ ಮಲಗಿದ್ದಾನೆ. ಎಷ್ಟೋ ದಿನದ ಮೇಲೆ! ನನಗೆ ಅಳುವೇ ಬಂತು. ಮೊಲಕ್ಕೆ ಅಳುತ್ತೀಯಾ ಎನ್ನಬೇಡಿ, ಅತ್ತದ್ದು ನಿಜ.

ಈಗ ಆ ಮ್ಯಾಟುಗಳಿಗೇ ಕುತ್ತು ಬಂದಿತ್ತು.

"ಎತ್ತಮ್ಮ ಒಂದೊಂದೇ, ನೋಡೇಬುಡ್ತೀನಿ."

ಆಂಟಿ ಮ್ಯಾಟಿನಿಂದ ಮ್ಯಾಟಿಗೆ ಮುಂದೆ ಮುಂದೆ ಹೋದರು, ನಾನು ಹಿಂದಿನಿಂದ ಸುತ್ತುತ್ತ ಬಂದೆ. ಯಜಮಾನರು ಆಫೀಸ್ ಕಾಲ್ ಮ್ಯೂಟ್ ಮಾಡಿ ಮುಂದೆ ಉಳಿದವನ್ನೂ ಎತ್ತಿ ಮೂಲೆಗಿಟ್ಟರು. ಕೊನೆಗೆ ಹಾಲ್‌ನ ನಡುವೆ ಆಂಟಿಯ ಕಾಲಡಿಯದೂ ಹೋಯಿತು. ಒಂದು ಟೈಲ್ಸೂ ಬಿರುಕು ಬಿಟ್ಟಿರಲಿಲ್ಲ. ಆಂಟಿಗೆ ಸಮಾಧಾನವಾದಂತೆ ಕಾಣಲಿಲ್ಲ.

"ಒಡೆದಿಲ್ಲ, ಸರಿ. ಆದ್ರೂ ಇದ್ನೆಲ್ಲಾ ತೆಗೆದಾಕಿ. ಇಂಥಾ ಟೈಲ್ಸ್ ಮುಚ್ಚಕ್ಕೆ ಮನಸ್ಸಾದ್ರೂ ಎಂಗೆ ಬರ್ತದೆ? ಮೊಲಾನ ಬುಟ್ಟೀಲಿ ಕೂರಿಸ್ಕಳಿ. ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕಳಿ."

ಅಷ್ಟರಲ್ಲಿ ಬಿಸಿಲಿನ ಟೈಮಾಯಿತೆಂದು ಬೋಂಡ ಸೋಫಾದ ಅಡಿಯಿಂದ ಹೊರಟ. ಒಂದು ಹೆಜ್ಜೆ ಇಟ್ಟನೋ ಇಲ್ಲವೋ, ಹಿಂಗಾಲು ಎರಡೂ ಎರಡು ಕಡೆ ಜಾರಿ, ತಟ್ಟಿದ ರೊಟ್ಟಿಯ ಹಾಗೆ ನೆಲಕ್ಕೆ ಅಂಟಿಕೊಂಡ. ಓಡಿ ಹೋಗಿ ಎತ್ತಿಕೊಂಡೆ. ಅವನ ಎದೆ ಹೊಡೆದುಕೊಳ್ಳುತ್ತಿತ್ತು.

ಆಂಟಿ ನೋಡಿದರು. ಬಾಗಿಲ ಕಡೆ ತಿರುಗಿದರು. ಆದರೆ ಹೋಗಲಿಲ್ಲ. ಒಂದು ಕಾಲು ಮುಂದಿಟ್ಟರು, ಹಿಂದಕ್ಕೆ ತೆಗೆದರು. ಕೈ ಗೋಡೆ ಹುಡುಕಿತು. ಹಾಲ್‌ನ ನಟ್ಟನಡುವೆ ಗೋಡೆ ಎಲ್ಲಿಂದ ಬರಬೇಕು?

"ಏನಾಯ್ತು ಆಂಟಿ?"

"ಏನಿಲ್ಲ." ಆಮೇಲೆ ದನಿ ತಗ್ಗಿಸಿ, "ಆ ಮ್ಯಾಟು... ಒಂದು ಇತ್ಲಾಗೆ ಆಕಮ್ಮ" ಎಂದರು.

ನಗು ತಡೆದುಕೊಂಡು ಯೋಗ ಮ್ಯಾಟನ್ನು ಅವರ ಕಾಲ ಬುಡಕ್ಕೇ ಬಿಚ್ಚಿದೆ. ಆಂಟಿ ಹತ್ತಿ ನಿಂತು ಉಸಿರು ಬಿಟ್ಟರು. ಕೊಸರಾಡುತ್ತಿದ್ದ ಬೋಂಡನನ್ನೂ ಅಲ್ಲೇ ಇಳಿಸಿದೆ. ಇಬ್ಬರೂ ಒಂದೇ ಸ್ಪೀಡಿನಲ್ಲಿ ಹೊರಟರು, ಓವರ್‌ಟೇಕ್ ಇಲ್ಲ, ಹಾರ್ನ್ ಇಲ್ಲ. ವೈಟ್‌ಫೀಲ್ಡ್ ಕಡೆ ಇಷ್ಟು ಶಿಸ್ತಿನ ಟ್ರಾಫಿಕ್ ನಾನು ನೋಡಿದ್ದು ಅದೇ ಮೊದಲು.

ಕಾಫಿ ಕುಡಿಯುತ್ತ ಆಂಟಿ ಬಾಯಿ ಬಿಟ್ಟರು. ಪಕ್ಕದ ಪೋರ್ಷನ್‌ನಲ್ಲಿ, ಅವರಿರುವ ಕಡೆಯೂ ಇದೇ ಟೈಲ್ಸು. ಹೋದ ಯುಗಾದಿಗೆ ಜಾರಿ ಬಿದ್ದಿದ್ದರಂತೆ. ಅಂದಿನಿಂದ ಬಚ್ಚಲಿಗೂ ಗೋಡೆ ಹಿಡಿದೇ ಹೋಗುವುದು. ಇದೇ ಜಾಗ ರಾಗಿ ಹೊಲವಾಗಿದ್ದಾಗ ತಲೆ ಮೇಲೆ ಹೊರೆ ಹೊತ್ತು ಬದುವಿನ ಮೇಲೆ ಓಡುತ್ತಿದ್ದ ಹೆಂಗಸು! ಆಗ ಒಂದು ದಿನವೂ ಬಿದ್ದವರಲ್ಲವಂತೆ.

"ನೀವೂ ಒಂದೆರಡು ಮ್ಯಾಟ್ ಹಾಕ್ಕೊಳ್ಳಿ ಆಂಟಿ."

"ಅಯ್ಯೋ, ಆಕಿದ್ದೆ ಕಣಮ್ಮ. ಮಗ ತೆಗೆದಾಕ್ಬುಟ್ಟ. ಬಂದೋರು ಏನಂದ್ಕತಾರೆ ಅಂತಾನೆ."

ಈ ಬಂದೋರು ಯಾರು ಸ್ವಾಮಿ? ಗೃಹಪ್ರವೇಶಕ್ಕೆ ಬಂದು, ನೆಲ ಹೊಗಳಿ, ಊಟ ಮಾಡಿ, ತಾಂಬೂಲದ ಚೀಲ ಹಿಡಿದು ಹೋದವರು ತಾನೇ? ಮತ್ತೆ ಅವರ ಸುದ್ದಿಯೇ ಇಲ್ಲ. ಅವರು ಬಂದರೆ ಇರಲಿ ಎಂದು ನೆಲ ಹೊಳೆಯುತ್ತಲೇ ಇದೆ, ಮನೆಯವರು ಗೋಡೆ ಹಿಡಿದು ಓಡಾಡುತ್ತಲೇ ಇದ್ದಾರೆ.

ನಮ್ಮ ಮ್ಯಾಟುಗಳಿಗೆ ಪರ್ಮಿಷನ್ ಸಿಕ್ಕಿತು. ಈಗ ದಿನಾ ಮಧ್ಯಾಹ್ನ ಆಂಟಿ "ಮೊಲ ನೋಡಕ್ಕೆ" ಬರುತ್ತಾರೆ. ಮೊಲವನ್ನು ಒಮ್ಮೆ ನೋಡಿ, ಎರಡು ಕೈಯನ್ನೂ ಬೀಸಿಕೊಂಡು ಹಾಲ್ ತುಂಬ ಆರಾಮಾಗಿ ನಡೆಯುತ್ತಾರೆ. ಗೇಟಿನಲ್ಲಿ ಮಗನ ಕಾರಿನ ಸದ್ದಾದರೆ ಮಾತು ಅರ್ಧಕ್ಕೇ ನಿಲ್ಲಿಸಿ, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ.

ಹೇಳಿ, ಈ ಮೂರಂತಸ್ತಿನ ಮನೆಗೆ ಓನರ್ ಯಾರು: ಆಂಟಿಯೋ, ಟೈಲ್ಸೋ?