ಮಹಾದೇವಮ್ಮ ಪೇಟಿ ಹುಡುಕಿದ್ದು

ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮಹಾದೇವಮ್ಮನ ಗುರುತು ಹಿಡಿಯುವುದು ಸುಲಭ. ಅವಳ ಬೆರಳುಗಳು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯ ಮೇಲೆ, ರೇಷನ್ ಸಾಲಿನಲ್ಲಿ ನಿಂತರೆ ಚೀಲದ ಮೇಲೆ, ಬೇಳೆ ಕುದಿಯುವವರೆಗೆ ಒಲೆಯ ಕಟ್ಟೆಯ ಮೇಲೆ ಆಡುತ್ತಲೇ ಇರುತ್ತವೆ. ಇದು ನರದ ತೊಂದರೆ, ಕಲಬುರಗಿಯ ಡಾಕ್ಟರಿಗೆ ತೋರಿಸು ಎಂದು ಹೇಳಿದವರೂ ಉಂಟು. ಓಣಿಯಲ್ಲಿ ನೀರಿಗೆ ಬರ ಬಂದೀತು, ಸಲಹೆಗೆ ಎಂದೂ ಬಂದಿಲ್ಲ.

ನರವೂ ಅಲ್ಲ, ರೋಗವೂ ಅಲ್ಲ. ಆ ಬೆರಳುಗಳು ಬಾರಿಸುತ್ತಿದ್ದದ್ದು ಪೇಟಿ. ಪುಸ್ತಕದವರು ಅದನ್ನು ಹಾರ್ಮೋನಿಯಂ ಎನ್ನುತ್ತಾರೆ, ಅನ್ನಲಿ. ನಮ್ಮ ಕಡೆ ಅದು ಪೇಟಿಯೇ. ಮಹಾದೇವಮ್ಮನ ತವರು ರಾವೂರ. ಅಪ್ಪ ಹಗಲೆಲ್ಲ ಗಣಿಯಲ್ಲಿ ಕಲ್ಲು ಕೀಳುತ್ತಿದ್ದ, ಸೋಮವಾರದ ಸಂಜೆ ಕೈತೊಳೆದುಕೊಂಡು ಭಜನೆಯಲ್ಲಿ ಪೇಟಿ ಹಿಡಿಯುತ್ತಿದ್ದ. ಬಂಡೆ ಒಡೆಯುವ ಆ ಒರಟು ಬೆರಳುಗಳು ಪೇಟಿಯ ಮೇಲೆ ಅಷ್ಟು ಹಗುರಾಗುವುದು ಹೇಗೆಂದು ಹುಡುಗಿ ಪಕ್ಕದಲ್ಲೇ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಒಂದು ದಿನ ಯಾರೂ ಇಲ್ಲದಾಗ ಪೇಟಿಯ ಒಂದು ಮನೆಯನ್ನು, ಅಂದರೆ ಸ್ವರದ ಪಟ್ಟಿಯನ್ನು, ಒತ್ತಿದಳು. ಅಪ್ಪ ಹಿಂದೆಯೇ ನಿಂತಿದ್ದ.

"ಹಾಡು, ಬ್ಯಾಡ ಅನ್ನಂಗಿಲ್ಲ. ಪೇಟಿ ಗಂಡಸರದು ಮಗಳಾ," ಎಂದವನೇ ಮುಚ್ಚಳ ಹಾಕಿ ಚಿಲಕ ಜಡಿದ.

ಕೆಟ್ಟವನಲ್ಲ ಅಪ್ಪ. ಪ್ರತಿ ಸಂತೆಗೂ ಮಗಳಿಗೆ ಬಳೆ ತಂದವನು. ಕೈಗೆ ಬಳೆ ತೊಡಿಸಿದವನಿಗೆ ಕೈಯ ಆಸೆ ತಿಳಿಯಲಿಲ್ಲ ಅಷ್ಟೆ.

ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ನರಸಪ್ಪನನ್ನು ಮದುವೆಯಾಗಿ ಬಂದಾಗ ತವರಿನವರು ಒಂದು ತಗಡಿನ ಟ್ರಂಕು ಕೊಟ್ಟು ಕಳಿಸಿದರು. ಮಹಾದೇವಮ್ಮ ಅದರ ಮುಚ್ಚಳದ ಮೇಲೆ ಸುಣ್ಣದಲ್ಲಿ ಬಿಳಿ ಮನೆ, ಕಾಡಿಗೆಯಲ್ಲಿ ಕರಿ ಮನೆ ಬರೆದಳು. ಗಂಡ ಡ್ಯೂಟಿಗೆ ಹೋದ ಮೇಲೆ, ಮುಂದೆ ಮಗ ಭೀಮಾಶಂಕರ ಶಾಲೆಗೆ ಹೋದ ಮೇಲೆ, ಮಧ್ಯಾಹ್ನ ಅದರ ಮುಂದೆ ಕೂತು ಬಾರಿಸುವಳು. ಸ್ವರ ಕೇಳುತ್ತಿದ್ದದ್ದು ಅವಳೊಬ್ಬಳಿಗೇ. ಬಾರಿಸಿಯಾದ ಮೇಲೆ ಹಳೇ ಸೀರೆ ಹೊದಿಸಿಬಿಡುವಳು. ಬಣ್ಣ ಅಳಿದಂತೆಲ್ಲ ಮತ್ತೆ ಬರೆಯುವಳು. ಓಣಿಯ ಹೆಂಗಸರ ಭಜನೆಯಲ್ಲಿ ತಾಳ ಹಿಡಿದು ಹಾಡುವಾಗಲೂ ಪೇಟಿಯ ಸುದ್ದಿ ಎತ್ತಲಿಲ್ಲ. ಎತ್ತಿದರೆ ನಗುತ್ತಾರೆ ಎಂಬ ಹೆದರಿಕೆ. ಮೊದಮೊದಲು ಸೊಸೆಯಾಗಿದ್ದಕ್ಕೆ ಹೆದರಿದಳು, ಈಗ ಅತ್ತೆಯಾಗಿದ್ದಕ್ಕೆ ಹೆದರಿದಳು.

ಹೀಗಿರುವಾಗ ಮನೆಗೆ ನೆಟ್ ಬಂತು. ತಂತಿ ಎಳೆದವನು ಎದುರುಮನೆ ಬಷೀರಾಳ ಮಗ ಮುಜೀಬ. ನೆಟ್ ಕಂಪನಿಯೊಂದರ ಕೆಲಸ ಹಿಡಿದಿದ್ದ. ಎರಡು ಥರದ ಪ್ಯಾಕ್ ಇದ್ದವು. ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಮಾಡುವ ಭೀಮಾಶಂಕರ ಅಗ್ಗದ್ದನ್ನೇ ಆರಿಸಿದ. ಮೊಬೈಲಿನಲ್ಲಿ ಅದೇನೇನೋ ಉದ್ದುದ್ದ ಬರೆದು ಒಪ್ಪಿಗೆಯೇ ಎಂದು ಕೇಳಿತು. ಅವನು ಒಂದಕ್ಷರ ಓದದೆ ಎಲ್ಲಕ್ಕೂ ಹೂಂ ಒತ್ತಿದ. ಹಿಂದಿನವರು ಹೆಬ್ಬೆಟ್ಟು ಒತ್ತುವ ಮುಂಚೆ ಇದರಾಗ ಏನು ಬರೆದದ ಎಂದು ನಾಲ್ಕು ಮಂದಿಯನ್ನು ಕೇಳುತ್ತಿದ್ದರು. ಓದು ಬಂದವರಿಗೆ ಆ ತೊಂದರೆ ಇಲ್ಲ ನೋಡಿ.

ಮಾತಾಡಿದರೆ ಸಾಕು, ಫೋನೇ ಹುಡುಕಿಕೊಡುತ್ತದೆ ಎಂಬುದು ಮಹಾದೇವಮ್ಮನಿಗೆ ಗೊತ್ತಾಯಿತು. ಒಂದು ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ತನ್ನ ಫೋನು ಬಾಯಿಯ ಹತ್ತಿರ ಹಿಡಿದು, ಪಿಸುಮಾತಿನಲ್ಲಿ "ಪೇಟಿ" ಎಂದಳು. ಆ ಫೋನಿಗೇನು ಗೊತ್ತು ನಮ್ಮ ಕಡೆಯ ಮಾತು? ಪೆಟ್ಟಿಗೆ ಮಾರುವ ಅಂಗಡಿಗೆ ಕರೆದುಕೊಂಡು ಹೋಯಿತು. ಟ್ರಂಕು, ಸೂಟ್‌ಕೇಸು, ಗಾಲಿ ಇದ್ದವು, ಹಿಡಿಕೆ ಇದ್ದವು. ಮಹಾದೇವಮ್ಮ ಎದೆಗುಂದಲಿಲ್ಲ. ಶಹಾಬಾದಿನ ಬಜಾರಿನಲ್ಲೂ ಅಂಗಡಿಯವರು ಒಳ್ಳೆಯ ಮಾಲು ಒಳಗೇ ಇಟ್ಟಿರುತ್ತಾರಲ್ಲ, ಇಲ್ಲೂ ಹಾಗೇ ಇರಬೇಕು ಎಂದುಕೊಂಡು ಒಳಗೊಳಗೆ ಹೋದಳು. ಮರುದಿನವೂ ಹೋದಳು. ಹೀಗೆ ದಿನಾ ಮಧ್ಯಾಹ್ನ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ, ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಪೇಟಿ ಹುಡುಕಿದಳು.

ಗೊತ್ತಾಗಬೇಕಾದವರಿಗೆ ಗೊತ್ತಾಗಿತ್ತು. ಮೊದಲು ಭೀಮಾಶಂಕರನ ಫೋನಿನಲ್ಲಿ ಕೆಂಪು ಸೂಟ್‌ಕೇಸಿನ ಜಾಹೀರಾತು ಬಂತು. ಆಮೇಲೆ ಅವನ ಹೆಂಡತಿ ದೇವಿಕಾಳ ಫೋನಿನಲ್ಲಿ ನೀಲಿಯದು. ಒಂದು ಸಂಜೆ ಎಲ್ಲರೂ ಟಿವಿಯ ಮುಂದೆ ಕೂತಾಗ, ಅದೇ ನೆಟ್ಟಿಗೆ ಸಿಕ್ಕಿಸಿದ ಟಿವಿ, ಧಾರಾವಾಹಿಯ ನಡುವೆ ಒಬ್ಬ ಚೆಲುವೆ ಸೂಟ್‌ಕೇಸು ಎಳೆಯುತ್ತ ಬಂದು "ಹೊರಟುಬಿಡಿ, ಹೊಸ ಬದುಕು ಕಾಯುತ್ತಿದೆ" ಎಂದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ದೇವಿಕಾ ಚಿಂಚೋಳಿಯ ಹುಡುಗಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಾತು ಕಡಿಮೆ, ಮಾಡಿದ ಕೆಲಸ ಅಚ್ಚುಕಟ್ಟು. ಹಿಂದಿನ ವಾರ ಪುಂಡಿಪಲ್ಯ ಹುಳಿಯಾಯಿತೆಂದು ಭೀಮಾಶಂಕರ ಒಂದು ಮಾತು ಆಡಿದ್ದ, ಅವಳೂ ತಿರುಗಿ ಒಂದು ಮಾತು ಆಡಿದ್ದಳು. ಈಗ ಸೂಟ್‌ಕೇಸು ಕಂಡಿದ್ದೇ ಅವನಿಗೆ ಒಂದು ದಿಗಿಲು: ಇವಳು ಗುಟ್ಟಾಗಿ ತವರಿಗೆ ಹೊರಟಿದ್ದಾಳೆ. ದೇವಿಕಾಳಿಗೆ ಬೇರೆಯೇ ದಿಗಿಲು: ತನ್ನನ್ನು ಕಳಿಸಿಬಿಡಲು ಇವರು ಪೆಟ್ಟಿಗೆ ನೋಡುತ್ತಿದ್ದಾರೆ. ನರಸಪ್ಪನಿಗೆ ಮಗ ಬೇರೆ ಮನೆ ಮಾಡುವ ಸಂಶಯ. ಮೂವರೂ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು. ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೊಂದೇ ಉಳಿಯಿತು. ಮಹಾದೇವಮ್ಮನಿಗೂ ಈ ಮೌನ ಚುಚ್ಚುತ್ತಿತ್ತು, ಆದರೆ ಅದರ ಬೇರು ತನ್ನ ಕಾಲ ಕೆಳಗೇ ಇದೆಯೆಂದು ಹೊಳೆದಿರಲಿಲ್ಲ.

ಭಾನುವಾರ ಭೀಮಾಶಂಕರನಿಗೆ ತಡೆಯಲಾಗಲಿಲ್ಲ.

"ಹೋಗೋದಿದ್ರ ಹೇಳಿ ಹೋಗು. ಕದ್ದು ಬ್ಯಾಗ ಯಾಕ ನೋಡಾಕತ್ತೀ?" ಎಂದುಬಿಟ್ಟ.

"ನಾ ಎಲ್ಲಿ ನೋಡೀನಿ? ನೀವೇ ನನಗ ಕಳಸ್ಲಿಕ್ಕ ನೋಡಾಕತ್ತೀರಿ," ಎಂದ ದೇವಿಕಾಳ ಕಣ್ಣಲ್ಲಿ ನೀರು ಬಂತು. "ನಾ ಬ್ಯಾಡಾದ್ರ ಹೇಳ್ರಿ, ನಮ್ಮಣ್ಣಗ ಫೋನ್ ಹಚ್ತೀನಿ, ಸಂಜೀಗಿ ಬಂದು ಕರ್ಕೊಂಡು ಹೋಗ್ತಾನ."

ಮಾತು ಅಷ್ಟಕ್ಕೆ ಹೋದದ್ದು ನೋಡಿ ನರಸಪ್ಪ ಎದ್ದು, ಬಾಗಿಲಲ್ಲೇ ನಿಂತು ಮುಜೀಬನನ್ನು ಕೂಗಿದ. ಮುಜೀಬ ಅರ್ಧ ಕುಡಿದ ಚಹಾದ ಕಪ್ಪು ಹಿಡಿದುಕೊಂಡೇ ಬಂದ.

"ಈ ಪೆಟ್ಟಿಗಿ ಯಾರ ಫೋನಿನ್ಯಾಗ ನೋಡ್ಯಾರ, ತಗದು ಹೇಳಪಾ," ಎಂದ ಭೀಮಾಶಂಕರ.

"ಅದು ಹಂಗ ತಿಳ್ಯಾಂಗಿಲ್ಲ ಅಣ್ಣಾ. ಕಂಪನಿಗಿ ಫೋನ್ ಕಾಣಂಗಿಲ್ಲ, ಮನಿ ಕಾಣ್ತದ. ಈ ಮನ್ಯಾಗಿಂದ ಯಾರೋ ದಿನಾ ಪೆಟ್ಟಿಗಿ ಅಂಗಡಿ ಬಾಗಲಿಗಿ ಹೋಗ್ಯಾರ, ಅಷ್ಟೇ ಅವರಿಗಿ ಗೊತ್ತು. ಒಳಗ ಏನ್ ಕೇಳಿದ್ರು, ಯಾಕ ಹೋಗಿದ್ರು, ಅದು ಗೊತ್ತಿಲ್ಲ. ಆ ಬಾಗಲ ನೋಡ್ಕೊಂಡೇ ಮನಿ ಮಂದಿಗೆಲ್ಲಾ ಪೆಟ್ಟಿಗಿ ತೋರಸ್ತಾರ."

"ನಮ್ಮನ್ನ ಕಾಯಾಕ ಅವ್ರಿಗಿ ಯಾರ್ ಹೇಳ್ಯಾರ?" ಎಂದ ನರಸಪ್ಪ.

"ಅಣ್ಣಾನೇ ಹೇಳ್ಯಾನಲ್ರಿ. ಅಗ್ಗದ ಪ್ಯಾಕ್ ತಗೋಳಾಕ ಹೂಂ ಅಂತ ಒತ್ಯಾನ," ಎಂದು ಮುಜೀಬ ಚಹಾ ಗುಟುಕರಿಸಿದ.

ಭೀಮಾಶಂಕರ ನೆಲದ ಪರಸಿಕಲ್ಲು ನೋಡತೊಡಗಿದ. ಮಹಾದೇವಮ್ಮನಿಗೆ ಈಗ ಹೊಳೆಯಿತು. ದಿನಾ ಪೆಟ್ಟಿಗೆ ಅಂಗಡಿಯ ಬಾಗಿಲಿಗೆ ಹೋದವಳು ತಾನೇ. ದೇವಿಕಾ ಸೆರಗಿನಿಂದ ಕಣ್ಣೊರೆಸಿಕೊಂಡು ತನ್ನ ಫೋನನ್ನು ಗಂಡನ ಮುಂದೆ ಹಿಡಿದಿದ್ದಳು, "ತಗೋರಿ, ಎಲ್ಲಾ ನೋಡ್ಕೋರಿ" ಎಂದು. ಅವನು ಕೈ ಚಾಚಲಿಲ್ಲ, ಆದರೆ ಬೇಡ ಎಂದೂ ಅನ್ನಲಿಲ್ಲ. ಈಗ ಸುಮ್ಮನಿದ್ದರೆ ಮಹಾದೇವಮ್ಮನ ಗುಟ್ಟು ಉಳಿಯುತ್ತಿತ್ತು. ಸಂಜೆಯ ಬಸ್ಸಿಗೆ ಸೊಸೆ ಹೋಗುತ್ತಿದ್ದಳು. ಸೊಸೆಯ ಆ ಚಾಚಿದ ಕೈ ನೋಡಿ ಅತ್ತೆಗೆ ರಾವೂರಿನ ಮನೆ, ಮುಚ್ಚಿದ ಪೇಟಿ, ಅದರ ಮುಂದೆ ನಿಂತ ತನ್ನ ಕೈ ನೆನಪಾದವು. ನಗುವುದಾದರೆ ನಗಲಿ ಎನಿಸಿತು.

"ಅಕಿನ ಫೋನ್ ಯಾಕ ನೋಡ್ತಿ? ನಾ ಹುಡಕೀನಿ," ಎಂದಳು.

ಎಲ್ಲರೂ ತಿರುಗಿದರು. ನರಸಪ್ಪ ಗಾಬರಿಯಾಗಿ, "ನೀ ಎಲ್ಲಿಗಿ ಹೊಂಟೀದಿ ಈ ವಯಸ್ಸಿನ್ಯಾಗ?" ಎಂದ.

"ಎಲ್ಲಿಗೂ ಹೊಂಟಿಲ್ಲ. ನಾ ಪೇಟಿ ಹುಡುಕಾಕತ್ತಿದ್ದೆ. ಬಾರಸೋ ಪೇಟಿ. ಆ ಮಂದಿ ನನಗ ಪೆಟ್ಟಿಗಿ ತೋರಸ್ಯಾರ, ನಾ ಏನ್ ಮಾಡ್ಲಿ?"

ಮೊದಲು ನಕ್ಕವಳು ದೇವಿಕಾ. ಕಣ್ಣೀರು ಇನ್ನೂ ಗಲ್ಲದ ಮೇಲಿರುವಾಗಲೇ, ಬಾಯಿಗೆ ಸೆರಗು ಒತ್ತಿದರೂ ತಡೆಯದೆ, ಕೂತಲ್ಲೇ ಅಲುಗಾಡಿ ನಕ್ಕಳು. ಅವಳನ್ನು ನೋಡಿ ಮುಜೀಬನ ಚಹಾ ಮೂಗಿಗೆ ಹತ್ತಿತು. ಭೀಮಾಶಂಕರ ಹೆಂಡತಿಯ ಪಕ್ಕ ಕೂತು, "ತಪ್ಪಾತು" ಎಂದ. ನಗುವಿನ ನಡುವೆ ಅದು ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದ. ಅದು ಅವಳಿಗೆ ಕೇಳಿಸಿತ್ತು; ಎರಡು ಸಲ ಹೇಳಲಿ ಎಂದು ಸುಮ್ಮನಿದ್ದಳು.

ಇಷ್ಟು ವರ್ಷ ಹೆದರಿದ್ದ ನಗು ಇದೇ ಏನು ಎಂದು ಮಹಾದೇವಮ್ಮನಿಗೆ ಆಶ್ಚರ್ಯವಾಯಿತು. ಅದರಲ್ಲಿ ಮುಳ್ಳೇ ಇರಲಿಲ್ಲ. ಧೈರ್ಯ ಬಂದು ಒಳಗೆ ಹೋಗಿ ಟ್ರಂಕಿನ ಮೇಲಿನ ಹಳೇ ಸೀರೆ ಎಳೆದಳು. ಸುಣ್ಣದ ಮನೆಗಳು, ಕಾಡಿಗೆಯ ಮನೆಗಳು. ಬೆರಳು ತಾಗಿ ತಾಗಿ ತಗಡೇ ಅಲ್ಲಲ್ಲಿ ತಗ್ಗು ಬಿದ್ದಿತ್ತು. ನರಸಪ್ಪ ಬಗ್ಗಿ ಆ ತಗ್ಗಿನ ಮೇಲೆ ಕೈಯಾಡಿಸಿದ.

"ನಿನ್ನ ಕೈಬಟ್ಟ ಆಡೋದು ದಿನಾ ನೋಡ್ತಿದ್ದೆ," ಎಂದ. "ಚಟ ಅಂತ ತಿಳ್ಕೊಂಡಿದ್ದೆ. ಒಂದ್ ಸಲನೂ ಕೇಳಲಿಲ್ಲ ನೋಡು."

ಮುಜೀಬ ನಗುವುದನ್ನು ನಿಲ್ಲಿಸಿದ್ದ. "ಮಾವಶಿ, ಅಬ್ಬಾಂದು ಪೇಟಿ ನಮ್ಮ ಮನಿ ಅಟ್ಟದ ಮ್ಯಾಗ ಅದ. ಅವರು ಹೋದ ಮ್ಯಾಲ ಯಾರೂ ಮುಟ್ಟಿಲ್ಲ," ಎಂದ.

ಅವನ ತಂದೆ ಅಲ್ಲಾವುದ್ದೀನ ಬದುಕಿದ್ದಾಗ ಊರೂರಿನ ಉರುಸಿನಲ್ಲಿ ಕವ್ವಾಲಿಗೆ ಪೇಟಿ ಬಾರಿಸುತ್ತಿದ್ದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ಮಹಾದೇವಮ್ಮನ ಕಥೆ. ಪ್ರಪಂಚದ ಅಂಗಡಿಗಳನ್ನೆಲ್ಲ ಸುತ್ತಿದಳು, ಹತ್ತು ಹೆಜ್ಜೆ ದಾಟಿ ಎದುರುಮನೆಯಲ್ಲಿ ಕೇಳಲಿಲ್ಲ.

ಮುಜೀಬ ಹೊರಡುವ ಮುಂಚೆ ಅವಳು ತಡೆದಳು. "ಮೊದಲ ಆ ಹೂಂ ಅಂದಿದ್ದು ಊಹೂಂ ಮಾಡು. ನನಗ ಏನ್ ಬೇಕಂತ ಕೇಳೋದಿದ್ರ ಬಾಗಲಿಗಿ ಬಂದು ಕೇಳ್ಲಿ. ಹಿಂದ ಹಿಂದ ಬಂದು ನೋಡೋದು ಬ್ಯಾಡ."

"ಪ್ಯಾಕಿಗಿ ರೊಕ್ಕ ಜಾಸ್ತಿ ಆಗ್ತದ ಅವ್ವಾ," ಎಂದ ಭೀಮಾಶಂಕರ ಮೆಲ್ಲಗೆ.

"ಆಗ್ಲಿ. ನೀ ಪುಂಡಿಪಲ್ಯಕ್ಕ ಹುಳಿ ಅಂತ ಹೆಸರಿಡೋದು ಬಿಡು, ಮನಿ ಖರ್ಚು ತಾನೇ ಕಮ್ಮಿ ಆಗ್ತದ," ಎಂದಳು ಮಹಾದೇವಮ್ಮ. ಅತ್ತೆ ತನ್ನ ಅಡಿಗೆಯ ಪರ ಮಾತಾಡಿದ್ದನ್ನು ದೇವಿಕಾ ಕೇಳಿದ್ದು ಅದೇ ಮೊದಲು.

ಪೇಟಿಯನ್ನು ಬಷೀರಾ ತಾನೇ ಹೊತ್ತು ತಂದಳು. ಮಗನ ಕೈಗೂ ಕೊಡಲಿಲ್ಲ. ಧೂಳು ಒರೆಸಿ, ಮಹಾದೇವಮ್ಮನ ಮುಂದೆ ಇಟ್ಟು, "ಇಷ್ಟ್ ದಿನ ಮೂಕಾಗಿ ಬಿದ್ದದ. ಇದರ ಬಾಯಿ ಬಿಡಸು ಅಕ್ಕಾ," ಎಂದಳು. ಅವಳ ದನಿ ಸ್ವಲ್ಪ ಒದ್ದೆಯಾಗಿತ್ತು, ಮುಖ ಮಾತ್ರ ನಗುತ್ತಿತ್ತು.

ಮಹಾದೇವಮ್ಮ ಸೆರಗು ಸರಿಮಾಡಿಕೊಂಡು ಕೂತಳು. ಮನಸ್ಸಿನಲ್ಲಿ ಅಪ್ಪನನ್ನು ನೆನೆದಳು, ಸಿಟ್ಟು ಬರಲಿಲ್ಲ. ಬೆರಳುಗಳು ಮನೆಗಳ ಮೇಲೆ ಇಳಿದು, ಸೋಮವಾರದ ಭಜನೆಯ ಮೊದಲ ಪದವನ್ನು ಒಂದೂ ತಪ್ಪಿಲ್ಲದೆ, ಸರಸರ ಓಡಿ ಮುಗಿಸಿದವು.

ಒಂದು ಚೂರೂ ಸಪ್ಪಳ ಬರಲಿಲ್ಲ.

ಪೇಟಿ ಕೆಟ್ಟಿದೆ ಎಂದು ಬಷೀರಾಳ ಮುಖ ಸಣ್ಣದಾಯಿತು. ಮುಜೀಬ ಬಗ್ಗಿ ನೋಡಿದ. ಪೇಟಿ ಕೆಟ್ಟಿರಲಿಲ್ಲ. ಮಹಾದೇವಮ್ಮನ ಎಡಗೈ ಪೇಟಿಯ ಮುಚ್ಚಳದ ಮೇಲೆ ಸುಮ್ಮನೆ ಕೂತಿತ್ತು, ಟ್ರಂಕಿನ ಮೇಲೆ ಕೂರುವ ಹಾಗೆಯೇ. ಟ್ರಂಕಿಗೆ ಗಾಳಿ ಹಾಕುವ ತಿದಿ ಎಲ್ಲಿಯದು? ಬಲಗೈ ಎಲ್ಲವನ್ನೂ ಕಲಿತಿತ್ತು, ಎಡಗೈಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ.

ಅವಳಿಗೂ ಅದು ಗೊತ್ತಾಗಿ ನಾಚಿಕೆಯಾಯಿತು. ತಿದಿ ಹಿಡಿದು ನೋಡಿದಳು; ಗಾಳಿ ಹಾಕಲು ಹೋದರೆ ಬೆರಳು ತಪ್ಪುತ್ತಿತ್ತು, ಬೆರಳು ನೋಡಿಕೊಂಡರೆ ಗಾಳಿ ನಿಲ್ಲುತ್ತಿತ್ತು. ಕೈ ಹಿಂದೆ ತೆಗೆಯಬೇಕು ಅನ್ನುವಷ್ಟರಲ್ಲಿ ದೇವಿಕಾ ಎದ್ದು ಬಂದು ಎದುರಿಗೆ ಕೂತಳು.

"ನೀವು ಬಾರಸ್ರಿ ಅತ್ತಿ," ಎಂದಳು. "ಗಾಳಿ ನಾ ಹಾಕ್ತೀನಿ."

ತಿದಿ ಉಸಿರು ತುಂಬಿಕೊಂಡಿತು. ಮಹಾದೇವಮ್ಮ ಒಂದು ಮನೆಯನ್ನು ಒತ್ತಿದಳು. ಸ್ವರ ಎಷ್ಟು ಜೋರಾಗಿ ಎದ್ದಿತೆಂದರೆ ಬೆಚ್ಚಿಬಿದ್ದು ಬೆರಳು ಕಿತ್ತುಕೊಂಡಳು. ಸೊಸೆ ನಕ್ಕಳು, ಕೈ ನಿಲ್ಲಿಸಲಿಲ್ಲ. ಅತ್ತೆಯ ಬೆರಳು ಮತ್ತೆ ಅದೇ ಮನೆಯ ಮೇಲೆ ಕೂತಿತು, ಈ ಸಲ ಏಳಲಿಲ್ಲ.